ಇಳಿಯೋಣ ಎನ್ನುವ ಒಂದು ಮಾತು

ರಜೆ ಹತ್ತಿರ ಬಂತೆಂದರೆ ಹೊಲಿಗೆಯಮ್ಮನ ಅಂಗಡಿಗೆ ಹಳೆಯ ಕೋಟುಗಳು ಬರತೊಡಗುತ್ತವೆ. ತೋಳು ಉದ್ದ ಮಾಡಿಕೊಡಿ, ಒಳಗೆ ಬೆಚ್ಚಗೆ ಅಸ್ತರು ಹಾಕಿಕೊಡಿ, ಕೆಟ್ಟ ಜಿಪ್ಪು ಬದಲಿಸಿಕೊಡಿ. ಸಮತಟ್ಟು ನೆಲದಲ್ಲಿ ಹುಟ್ಟಿ ಬೆಳೆದ ಜನ. ಒಮ್ಮೆಯಾದರೂ ಹಿಮದ ಬೆಟ್ಟ ನೋಡಿ ಬರಬೇಕೆಂಬ ಆಸೆ ಯಾರಿಗಿಲ್ಲ?

ಅಂಗಡಿಯೆಂದರೆ ಮಾಳಿಗೆಯ ಮೆಟ್ಟಿಲ ಕೆಳಗಿನ ಉದ್ದನೆಯ ಕೋಣೆ. ಮುಂದೆ ಹೊಲಿಗೆ ಯಂತ್ರ, ಅದರ ಪಕ್ಕ ಇಸ್ತ್ರಿ ಮೇಜು. ಹಿಂದಿನ ಅರ್ಧದಲ್ಲಿ ನೀರಿನ ಪಂಪು ರಿಪೇರಿಯ ಸಾಮಾನು. ಅದು ಅವಳ ಗಂಡನ ಜಾಗ. ಗಂಡ ತೀರಿಹೋಗಿ ಎರಡು ವರ್ಷವಾಯಿತು. ಸ್ಪ್ಯಾನರುಗಳನ್ನು ಅವಳು ಇನ್ನೂ ಯಾರಿಗೂ ಕೊಟ್ಟಿಲ್ಲ. ವಾರಕ್ಕೊಮ್ಮೆ ಎಣ್ಣೆ ಬಟ್ಟೆಯಿಂದ ಒರೆಸಿ ಇಡುತ್ತಾಳೆ.

ಆ ದಿನ ಬೆಳಿಗ್ಗೆ ಬೀದಿಯ ಕೊನೆಯ ಬೇಕರಿಯವನು ತನ್ನ ತಾಯಿಯನ್ನು ಕರೆದುಕೊಂಡು ಬಂದ. ಕಂಕುಳಲ್ಲಿ ನಾಲ್ಕು ಕೋಟು.

“ಅಕ್ಕಾ, ಇವಿಷ್ಟೂ ಶುಕ್ರವಾರದೊಳಗೆ ಆಗ್ಬೇಕು. ಬೆಟ್ಟಕ್ಕೆ ಹೊರಟಿದ್ದೀವಿ. ನಾನು, ಹೆಂಡ್ತಿ, ಮಗಳು, ಅಮ್ಮ.”

ಬಾಗಿಲ ಬಳಿ ಕುರ್ಚಿಯಲ್ಲಿ ಆಸ್ಪತ್ರೆಯ ನರ್ಸಮ್ಮ ಕೂತಿದ್ದರು. ಸಡಿಲ ಮಾಡಲು ಕೊಟ್ಟಿದ್ದ ಯೂನಿಫಾರಂ ತೆಗೆದುಕೊಂಡು ಹೋಗಲು ಬಂದವರು. “ಓಹೋ, ಒಳ್ಳೇದಾಯ್ತು. ಎಷ್ಟು ದಿನ?” ಎಂದರು.

“ಎಷ್ಟು ದಿನ ಅಂತೀರಾ ಸಿಸ್ಟರ್! ಓವನ್ ಆರಿಸಿ ಕೂತ್ರೆ ನನ್ನ ಗಿರಾಕಿಗಳೆಲ್ಲ ಎದುರು ಬೀದಿಯವನ ಪಾಲು. ನಾಲ್ಕೇ ದಿನ. ಸಂಜೆ ರೈಲು ಹತ್ತಿದ್ರೆ ಬೆಳಿಗ್ಗೆ ಬೆಟ್ಟದ ಬುಡ. ಅಲ್ಲಿಂದ ಒಂದು ಗಾಡಿ ಮಾಡಿದ್ದೀನಿ. ಸೀದಾ ಮೇಲಿನ ಕೆರೆ ಹತ್ರ ಹೋಗಿ ಮಲಗೋದು. ಮಾರನೇ ದಿನ ಇನ್ನೂ ಮೇಲಿನ ಕಣಿವೆ ಬಾಯಿ, ಹಿಮ. ಆಮೇಲೆ ವಾಪಸ್ಸು.”

“ಆ ಕೆರೆ ಹದಿಮೂರು ಸಾವಿರ ಅಡಿ ಮೇಲಿದೆಯಲ್ಲಪ್ಪ?”

“ಇದ್ರೇನು? ನಾವೇನು ಹತ್ಕೊಂಡು ಹೋಗ್ತೀವಾ? ಗಾಡಿ ತಾನೇ ಹತ್ತೋದು!”

ಹೇಳಿ ತಾನೇ ನಕ್ಕ. ಅವನ ತಾಯಿಯೂ ನಕ್ಕಳು. ಹೊಲಿಗೆಯಮ್ಮ ನಗಲಿಲ್ಲ. ಅಳತೆಯ ಪಟ್ಟಿ ಅವಳ ಕೈಯಲ್ಲಿ ಹಾಗೇ ನಿಂತಿತು.

ನರ್ಸಮ್ಮ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. “ಗಾಡಿ ಹತ್ತುತ್ತೆ, ನಿಜ. ಆದ್ರೆ ಮೈ ಅಷ್ಟು ಬೇಗ ಹತ್ತಲ್ಲ. ಎಂಟು ಸಾವಿರ ಅಡಿ ದಾಟಿದ್ರೆ ಗಾಳಿ ತೆಳುವಾಗ್ತಾ ಹೋಗುತ್ತೆ. ಎಷ್ಟು ಉಸಿರು ಎಳೆದ್ರೂ ಸಾಲಲ್ಲ. ಅದಕ್ಕೆ ಮೈ ಒಗ್ಗಿಕೊಳ್ಳೋಕೆ ದಿನ ಬೇಕು. ಬೆಳಿಗ್ಗೆ ಬುಡದಲ್ಲಿದ್ದು ಸಂಜೆ ಹದಿಮೂರು ಸಾವಿರದಲ್ಲಿ ಮಲಗಿದ್ರೆ ಅಪಾಯಾನ ನಾವೇ ಮನೆಗೆ ಕರೆದ ಹಾಗೆ.”

“ಸಿಸ್ಟರ್, ನೀವು ಆಸ್ಪತ್ರೆಯವರು. ನಿಮಗೆ ಎಲ್ಲೆಲ್ಲೂ ಕಾಯಿಲೆನೇ ಕಾಣೋದು. ನನ್ನ ಷಡ್ಡಕ ಹೋಗಿ ಬಂದ. ಏನೂ ಆಗ್ಲಿಲ್ಲ. ನಾನೋ, ದಿನಾ ಐವತ್ತು ಕಿಲೋ ಹಿಟ್ಟಿನ ಮೂಟೆ ಎತ್ತೋನು.”

“ಮೂಟೆ ಎತ್ತೋ ಶಕ್ತಿಗೂ ಇದಕ್ಕೂ ಸಂಬಂಧ ಇಲ್ಲಪ್ಪ. ಗಟ್ಟಿಮುಟ್ಟಾಗಿರೋರೇ ಹೆಚ್ಚು ಮೋಸ ಹೋಗ್ತಾರೆ. ನನಗೇನಾಗುತ್ತೆ ಅಂತ ಓಡ್ತಾರೆ.”

“ಅಯ್ಯೋ ಬಿಡಿ ಸಿಸ್ಟರ್.”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಮುಂದೆ ಯಾರು ವಾದ ಮಾಡಬೇಕು? ಬೇಕರಿಯವನು ಮೊದಲ ಕೋಟು ತೊಟ್ಟುಕೊಂಡು ಅಳತೆಗೆ ನಿಂತ. ಭುಜ ಅಳೆಯಲು ಹೊಲಿಗೆಯಮ್ಮ ಹಿಂದೆ ಬಂದು ನಿಂತಳು. ಅಗಲ ಭುಜ. ಅವಳ ಗಂಡನದೂ ಇಂಥದೇ ಭುಜ.

“ತಮ್ಮಾ,” ಎಂದಳು. “ನಮ್ಮ ಯಜಮಾನ್ರು ಹೃದಯ ನಿಂತು ಹೋದ್ರು ಅಂತ ಬೀದಿಗೆಲ್ಲ ಹೇಳಿದ್ದೆ. ಅದು ಸುಳ್ಳು.”

ಬೇಕರಿಯವನು ತಿರುಗಿ ನೋಡಿದ.

“ಕೂತ್ಕೋ. ನೀವೂ ಕೂತ್ಕೊಳ್ಳಿ ಅಮ್ಮ. ಇದನ್ನ ನಾನು ಇಲ್ಲೀತನಕ ಯಾರ ಹತ್ರಾನೂ ಹೇಳಿಲ್ಲ.”

ಅವಳು ಇಸ್ತ್ರಿಯ ಪ್ಲಗ್ಗು ಕಿತ್ತು, ಎದುರಿಗೆ ಕೂತು ಹೇಳತೊಡಗಿದಳು.

ಅವಳ ಗಂಡನನ್ನು ಬೀದಿಯೆಲ್ಲ ಕರೆಯುತ್ತಿದ್ದುದು ‘ಗುಂಡುಕಲ್ಲು’ ಎಂದು. ನೆಗಡಿಯಾದರೂ ಮಲಗಿದವನಲ್ಲ. ಕೆಟ್ಟ ಪಂಪನ್ನು ಒಬ್ಬನೇ ಹೆಗಲ ಮೇಲೆ ಹೊತ್ತು ಮೂರು ಮಹಡಿ ಇಳಿಸುತ್ತಿದ್ದ. ಇಪ್ಪತ್ತೆರಡು ವರ್ಷದ ದಾಂಪತ್ಯದಲ್ಲಿ ಅವನು ತನಗಾಗಿ ಬೇಕೆಂದು ಕೇಳಿದ್ದು ಒಂದೇ ಒಂದು. ಹಿಮ ನೋಡಬೇಕು. “ಜೀವಮಾನವೆಲ್ಲ ನೀರಿನ ಜೊತೆ ಗುದ್ದಾಡಿದ್ದೀನಿ ಕಣೇ. ಅದು ಗಟ್ಟಿಯಾಗಿ, ಬಾಯಿ ಮುಚ್ಕೊಂಡು, ಒಂದು ಕಡೆ ಕೂತಿರೋದನ್ನ ಒಂದ್ಸಲ ನೋಡ್ಬೇಕು” ಎನ್ನುತ್ತಿದ್ದ.

ಇಬ್ಬರೂ ಹೊರಟರು. ಅವಳು ಉಣ್ಣೆಯ ಬಟ್ಟೆ ಕತ್ತರಿಸಿ ಅವನಿಗೊಂದು ಟೋಪಿ ಹೊಲಿದಳು. ಬುಡದ ಊರಿನಲ್ಲಿ ಬೇರೆ ಆರು ಜನರೊಂದಿಗೆ ಒಂದು ಗಾಡಿ ಹಿಡಿದರು. ಅರ್ಧ ದಾರಿಯ ಹಳ್ಳಿಯಲ್ಲಿ ಚಹಾ ಕುಡಿಯಲು ನಿಲ್ಲಿಸಿದಾಗ ಚಹಾದಂಗಡಿಯ ಮುದುಕಿ ಕೇಳಿದಳು, “ಕೆಳಗಿಂದ ಇವತ್ತೇ ಬಂದ್ರಾ? ಹಾಗಾದ್ರೆ ಇಲ್ಲಿ ಎರಡು ದಿನ ಇರಿ. ಮೈಗೆ ಗಾಳಿ ಪರಿಚಯ ಆಗ್ಲಿ. ಆಮೇಲೆ ಹೋಗಿ.”

ಗುಂಡುಕಲ್ಲು ಗಾಡಿಯವರಿಗೆಲ್ಲ ಕಣ್ಣು ಹೊಡೆದ. “ನೋಡಿದ್ರಾ, ಅಜ್ಜಿ ತನ್ನ ಕೋಣೆ ಬಾಡಿಗೆಗೆ ಕೊಡೋಕೆ ಎಷ್ಟು ಚೆನ್ನಾಗಿ ಮಾತಾಡ್ತಾಳೆ!” ಎಲ್ಲರೂ ನಕ್ಕರು. ಹೊಲಿಗೆಯಮ್ಮನೂ ನಕ್ಕಳು.

ಸಂಜೆ ಕೆರೆಯ ದಡ ತಲುಪಿದರು. ತಗಡಿನ ಕೋಣೆ, ಎರಡು ಮಂಚ, ದಪ್ಪ ರಜಾಯಿ. ಅವನು ಬೂಟು ಬಿಚ್ಚದೆ ಮಂಚದ ಅಂಚಿಗೆ ಕೂತು ಹಣೆಯನ್ನು ಒತ್ತಿಕೊಳ್ಳುತ್ತಿದ್ದ.

“ಯಾಕ್ರೀ, ತಲೆನೋವಾ?”

“ಏ, ಇಲ್ಲ. ನೀನು ಹೊಲಿದ ಟೋಪಿ ಸ್ವಲ್ಪ ಬಿಗಿ ಅಷ್ಟೇ.”

ಅವಳು ಆ ಮಾತನ್ನು ನಂಬಿದಳು. ಚೀಲದಿಂದ ಪುಟ್ಟ ಕತ್ತರಿ ತೆಗೆದು, ದೀಪದ ಹತ್ತಿರ ಕೂತು, ಟೋಪಿಯ ಹಿಂಬದಿಯ ಹೊಲಿಗೆ ಬಿಚ್ಚಿದಳು. ಒಂದು ಬೆರಳು ಅಗಲ ಸಡಿಲ ಮಾಡಿ ಮತ್ತೆ ಹೊಲಿದಳು. “ಈಗ ನೋಡಿ” ಎಂದು ತೊಡಿಸಿದಳು. “ಹಾಂ, ಈಗ ಸರಿಯಾಯ್ತು” ಎಂದ. ಊಟ ಬೇಡವೆಂದ. ಬೆಚ್ಚಗಾಗಲಿ ಎಂದು ಗಾಡಿಯವರೊಬ್ಬರು ಕೊಟ್ಟ ಮದ್ಯವನ್ನು ಎರಡು ಗುಟುಕು ಕುಡಿದು ಮಲಗಿದ.

ಬೆಳಿಗ್ಗೆ ಕೋಣೆಯ ಹಿಂದೆ ಹೋಗಿ ವಾಂತಿ ಮಾಡಿ ಬಂದ. ಬ್ರೆಡ್ಡು ಹಳಸಿತ್ತು ಎಂದ. ಅದೇ ಬ್ರೆಡ್ಡು ತಿಂದ ಅವಳಿಗೆ ಏನೂ ಆಗಿರಲಿಲ್ಲ. ಆಗ ಅವಳ ಮನಸ್ಸು ಅಳುಕಿತು. ಕೆಳಗೆ ಹೋಗಿಬಿಡೋಣ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೊರಗೆ ಗಾಡಿಯ ಇಂಜಿನ್ನು ಶುರುವಾಗಿತ್ತು. ಆರು ಜನ ಕೋಟು ತೊಟ್ಟು ಕಾಯುತ್ತಿದ್ದರು. ನಮ್ಮಿಬ್ಬರ ದೆಸೆಯಿಂದ ಇಷ್ಟು ಜನರ ಪ್ರವಾಸ ಕೆಡಬೇಕೆ? ಅವನ ಇಪ್ಪತ್ತೆರಡು ವರ್ಷದ ಆಸೆ ಇನ್ನೆರಡು ಗಂಟೆಯ ಏರುದಾರಿಯಲ್ಲಿತ್ತು. ಅವಳು ಮಾತು ನುಂಗಿಕೊಂಡು ಗಾಡಿ ಹತ್ತಿದಳು.

ಅವನು ಹಿಮ ನೋಡಿದ. ಬೊಗಸೆ ತುಂಬ ಹಿಡಿದುಕೊಂಡು, ಮಗುವಿನ ಹಾಗೆ ಕೆನ್ನೆಗೆ ಒತ್ತಿಕೊಂಡ. ಫೋಟೊದಲ್ಲಿ ನಗುತ್ತಿದ್ದಾನೆ. ಗಾಡಿಗೆ ವಾಪಸಾಗುವಾಗ ಅವನ ಕಾಲು ಅಡ್ಡಾದಿಡ್ಡಿ ಬಿತ್ತು. “ಏನು ಸಾಹೇಬ್ರೇ, ಬೆಳಿಗ್ಗೇನೇ ಹಾಕ್ಕೊಂಡ್ರಾ?” ಎಂದು ಒಬ್ಬ ತಮಾಷೆ ಮಾಡಿದ. ಕೋಟಿನ ಗುಂಡಿ ಹಾಕಿಕೊಳ್ಳಲು ಅವನಿಗೆ ಆಗಲಿಲ್ಲ. ಬೆರಳು ಗುಂಡಿಯನ್ನು ಹಿಡಿಯುತ್ತಿತ್ತು, ಕಾಜಾ ಎಲ್ಲಿದೆಯೆಂದು ತಿಳಿಯುತ್ತಿರಲಿಲ್ಲ. ಅತಿ ಸಣ್ಣ ತಿರುಪು ಮೊಳೆಯನ್ನು ಕತ್ತಲಲ್ಲೂ ಕೂರಿಸುತ್ತಿದ್ದ ಬೆರಳು ಅವು. ಅವಳೇ ಗುಂಡಿ ಹಾಕಿದಳು. ಅವನು ಅವಳ ಮುಖ ನೋಡಿ, ಎಂದೋ ತೀರಿಕೊಂಡಿದ್ದ ತನ್ನ ಅಕ್ಕನನ್ನು ಮಾತಾಡಿಸಿದಂತೆ, “ಅಕ್ಕಾ, ಅಮ್ಮ ಬಂದಳಾ?” ಎಂದ.

ಗಾಡಿಯಲ್ಲಿ ಕೂತವನೇ ನಿದ್ದೆ ಹೋದ. “ಮಲಗ್ಲಿ ಬಿಡಿ, ಎದ್ರೆ ಸರಿಹೋಗ್ತಾರೆ” ಎಂದರು ಉಳಿದವರು. ಅವರು ತಿಂದು, ಸುತ್ತಾಡಿ, ಫೋಟೊ ತೆಗೆದುಕೊಂಡು ಬರಲು ಎರಡು ಗಂಟೆಯಾಯಿತು. ಅಷ್ಟರಲ್ಲಿ ಅವನ ಎದೆಯಿಂದ ಗೊರಗೊರ ಸದ್ದು ಬರತೊಡಗಿತ್ತು. ತಳ ಕಂಡ ಬಾವಿಯಲ್ಲಿ ಪಂಪು ನೀರನ್ನೂ ಗಾಳಿಯನ್ನೂ ಒಟ್ಟಿಗೆ ಎಳೆಯುವಾಗ ಬರುವ ಸದ್ದು. ರಿಪೇರಿಯವನ ಹೆಂಡತಿಗೆ ಆ ಸದ್ದು ಚೆನ್ನಾಗಿ ಗೊತ್ತು. ತುಟಿ ನೀಲಿಯಾಗಿತ್ತು. ಆಗ ಅವಳು ಕಿರುಚಿದಳು.

ಗಾಡಿ ಕೆಳಗೋಡಿತು. ಚಹಾದಂಗಡಿಯ ಹಳ್ಳಿ ದಾಟಿ, ಇನ್ನೂ ಕೆಳಗಿನ ಸಣ್ಣ ಆಸ್ಪತ್ರೆ ತಲುಪಿದಾಗ ಮಧ್ಯಾಹ್ನ ಮೂರು ಗಂಟೆ. ಡಾಕ್ಟರು ಆಮ್ಲಜನಕ ಹಾಕಿದರು. ಸೂಜಿ ಚುಚ್ಚಿದರು. ಅರ್ಧ ಗಂಟೆ ಅವನ ಪಕ್ಕದಿಂದ ಕದಲಲಿಲ್ಲ. ಆಮೇಲೆ ಹೊರಗೆ ಬಂದು ಅವಳ ಮುಂದೆ ಬೆಂಚಿನ ಮೇಲೆ ಕೂತರು. ಅವರು ಬಾಯಿ ತೆರೆಯುವ ಮೊದಲೇ ಅವಳಿಗೆ ತಿಳಿದುಹೋಗಿತ್ತು.

“ತಲೆನೋವು ಯಾವಾಗ ಶುರುವಾಯ್ತಮ್ಮ?” ಎಂದು ಡಾಕ್ಟರು ಮೆಲ್ಲಗೆ ಕೇಳಿದರು.

“ತಲೆನೋವು ಅನ್ಲಿಲ್ಲ. ಟೋಪಿ ಬಿಗಿ ಅಂದ್ರು.”

ಡಾಕ್ಟರು ತಲೆ ತಗ್ಗಿಸಿದರು.

ಹೊಲಿಗೆಯಮ್ಮ ಹೇಳಿ ಮುಗಿಸಿದಳು. ಬೇಕರಿಯವನು ಅರ್ಧಕ್ಕೇ ಬಿಚ್ಚಿದ್ದ ಕೋಟಿನ ಒಂದು ತೋಳು ಮೈಮೇಲಿತ್ತು, ಇನ್ನೊಂದು ಜೋತಾಡುತ್ತಿತ್ತು.

“ಎಲ್ಲರ ಹತ್ರ ಹೃದಯ ನಿಂತು ಹೋದ್ರು ಅಂದೆ” ಎಂದಳು ಅವಳು. “ಯಾಕೆ ಗೊತ್ತಾ? ಹೃದಯ ನಿಂತ್ರೆ ಯಾರ ತಪ್ಪೂ ಅಲ್ಲ. ತಲೆ ನೋವಲ್ಲಿ ಒದ್ದಾಡೋರ ಪಕ್ಕ ಕೂತು ಟೋಪಿ ಸಡಿಲ ಮಾಡ್ದೆ ಅಂತ ಯಾವ ಬಾಯಲ್ಲಿ ಹೇಳ್ಲಿ?”

“ನಿಮಗೆ ಗೊತ್ತಿರ್ಲಿಲ್ಲ ತಾಯಿ” ಎಂದು ನರ್ಸಮ್ಮ ಅವಳ ಕೈ ಹಿಡಿದರು.

“ಗೊತ್ತಿರ್ಲಿಲ್ಲ. ಇವನಿಗೆ ಈಗ ಗೊತ್ತಾಯ್ತು. ಇನ್ನೂ ಹೋಗ್ತೀನಿ ಅಂದ್ರೆ ಹೋಗ್ಲಿ.”

ಬೇಕರಿಯವನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, “ನೋಡೋ, ಹಿಮ ಎಲ್ಲಿಗೂ ಓಡಿಹೋಗಲ್ಲ. ಸಾವಿರಾರು ವರ್ಷದಿಂದ ಅಲ್ಲೇ ಬಿದ್ದಿದೆ. ಸಿಸ್ಟರ್ ಹೇಳಿದ ಹಾಗೆ ಹೋಗೋದಾದ್ರೆ ಹೋಗೋಣ. ಇಲ್ದಿದ್ರೆ ನನ್ನ ಕೋಟು ಬಿಚ್ಚಿಡು” ಎಂದಳು.

ಅವನು ಕೋಟು ಬಿಚ್ಚಿ ಇಸ್ತ್ರಿ ಮೇಜಿನ ಮೇಲಿಟ್ಟು ಕೇಳಿದ. ದನಿ ಮೆತ್ತಗಾಗಿತ್ತು. “ಹೇಗೆ ಹೋಗ್ಬೇಕು ಹೇಳಿ ಸಿಸ್ಟರ್.”

“ಮೊದ್ಲು ನಾಲ್ಕು ದಿನಾನ ಎಂಟು ದಿನ ಮಾಡು. ಎಂಟು ಸಾವಿರದ ಆಸುಪಾಸಿನ ಹಳ್ಳೀಲಿ ಎರಡು ದಿನ ಸುಮ್ನೆ ಇರಿ. ಓಡಾಟ, ಮೂಟೆ ಹೊರೋದು ಬೇಡ. ಆಮೇಲೂ ಒಂದೇ ದಿನಕ್ಕೆ ಕೆರೆಗೆ ಹಾರಬೇಡಿ. ದಾರೀಲಿ ಅಲ್ಲಲ್ಲಿ ರಾತ್ರಿ ತಂಗಿಕೊಂಡು ಹೋಗಿ. ಹತ್ತು ಸಾವಿರ ದಾಟಿದ್ಮೇಲಂತೂ ನಿನ್ನೆ ಮಲಗಿದ ಜಾಗಕ್ಕಿಂತ ಸಾವಿರದೈನೂರು ಅಡಿಗಿಂತ ಮೇಲೆ ಇವತ್ತು ಮಲಗ್ಬೇಡಿ. ಹಗಲು ಮೇಲೆ ಹೋಗಿ ನೋಡಿ, ಮಲಗೋಕೆ ಕೆಳಗೆ ಬನ್ನಿ. ಕೆರೆ ದಡದಲ್ಲೇ ಮಲಗ್ಬೇಕು ಅಂತೇನೂ ಇಲ್ವಲ್ಲ? ಬಾಯಾರಿಕೆ ಆಗದ ಹಾಗೆ ನೀರು ಕುಡೀತಾ ಇರಿ. ಮದ್ಯ ಬೇಡ, ನಿದ್ದೆ ಮಾತ್ರೆ ಬೇಡ.”

“ತಲೆನೋವು ಬಂದ್ರೆ?”

“ತಲೆನೋವು, ವಾಕರಿಕೆ, ತಲೆಸುತ್ತು, ಸುಸ್ತು, ಏನು ಬಂದ್ರೂ ಅದು ಬೆಟ್ಟದ್ದೇ ಅಂದ್ಕೊಳ್ಳಿ. ಬ್ರೆಡ್ಡಿನ ಮೇಲೆ, ಟೋಪಿ ಮೇಲೆ ಹಾಕ್ಬೇಡಿ. ಅಲ್ಲೇ ನಿಲ್ಲಿ. ಒಂದು ಹೆಜ್ಜೆ ಕೂಡ ಮೇಲೆ ಹೋಗ್ಬೇಡಿ. ಕಮ್ಮಿಯಾಗ್ಲಿಲ್ಲ, ಜಾಸ್ತಿಯಾಯ್ತು ಅಂದ್ರೆ ಇಳಿದುಬಿಡಿ. ನಡಿಗೆ ತಪ್ಪಿದ್ರೆ, ಮಾತು ತಪ್ಪಿದ್ರೆ, ಸುಮ್ನೆ ಕೂತಾಗ್ಲೂ ಏದುಸಿರು ಬಂದ್ರೆ, ಯಾರಿಗೂ ಕಾಯ್ಬೇಡಿ. ಆ ಕ್ಷಣಾನೇ ಇಳೀರಿ. ಒಬ್ಬರನ್ನೇ ಕಳಿಸ್ಬೇಡಿ, ಜೊತೆಗೆ ಹೋಗಿ. ಅಮ್ಮನಿಗೆ ಬಿಪಿ ಇದೆ ಅಲ್ವಾ? ಹೊರಡೋ ಮುಂಚೆ ಡಾಕ್ಟರ ಹತ್ರ ಕರ್ಕೊಂಡು ಬಾ. ಯಾವ ಮಾತ್ರೆಯಾದ್ರೂ ಅವರು ಹೇಳಿದ್ರೆ ಮಾತ್ರ.”

ಹೊಲಿಗೆಯಮ್ಮ ಒಂದೇ ಮಾತು ಸೇರಿಸಿದಳು. “ದಿನಾ ಬೆಳಿಗ್ಗೆ, ದಿನಾ ಸಂಜೆ ಒಬ್ಬರನ್ನೊಬ್ಬರು ಕೇಳಿ, ತಮ್ಮಾ. ಏನಿಲ್ಲ ಅಂದ್ರೆ ಎರಡನೇ ಸಲ ಕೇಳಿ.”

ಬೇಕರಿಯ ಬಾಗಿಲಿಗೆ ಎಂಟು ದಿನ ರಜೆ ಎಂಬ ಹಲಗೆ ಬಿತ್ತು. ಡಾಕ್ಟರು ತಾಯಿಯನ್ನು ಪರೀಕ್ಷಿಸಿ, ನೀವು ಹಳ್ಳಿಯವರೆಗೆ ಸಾಕು, ಅಲ್ಲಿಂದ ಮೇಲೆ ಬೇಡ ಎಂದರು. ಅವಳು ಒಪ್ಪಿದಳು. ಅವರು ಹೋದ ದಿನಗಳಲ್ಲಿ ಹೊಲಿಗೆಯಮ್ಮನ ಕೈಯಲ್ಲಿ ಕೆಲಸ ಓಡಲಿಲ್ಲ. ಒಂದು ಪಾಯಿಜಾಮಕ್ಕೆ ಎರಡೂ ಎಡಗಾಲು ಕೂಡಿಸಿ, ಬಿಚ್ಚಿ, ಮತ್ತೆ ಹೊಲಿದಳು.

ಒಂಬತ್ತನೆಯ ದಿನ ಬೇಕರಿಯವನು ಬಂದ. ಮೂಗಿನ ತುದಿ ಬಿಸಿಲಿಗೆ ಸುಲಿದಿತ್ತು. ಪಕ್ಕದಲ್ಲಿ ಹತ್ತು ವರ್ಷದ ಮಗಳು.

“ಹಿಮ ನೋಡ್ದೇನೇ ಬಂದ್ವಿ ಅಕ್ಕಾ” ಎಂದ.

“ಯಾಕೆ? ಯಾರಿಗೆ ಏನಾಯ್ತು?”

“ನನಗೇ. ಹಳ್ಳೀಲಿ ಎರಡು ದಿನ ಇದ್ವಿ. ಅಮ್ಮನ್ನ, ಇವಳನ್ನ ಅಲ್ಲೇ ಬಿಟ್ಟು, ಹೆಂಡ್ತಿ ಜೊತೆ ದಾರೀಲಿ ಒಂದು ರಾತ್ರಿ ತಂಗಿ, ಇನ್ನೂ ಮೇಲಿನ ಊರಿಗೆ...”

“ಸುಳ್ಳು ಹೇಳ್ಬೇಡಪ್ಪ, ನಾನೂ ಬಂದಿದ್ದೆ!” ಎಂದಳು ಮಗಳು.

“ಹೌದು, ಹಟ ಮಾಡಿ ಬಂದ್ಲು. ಹನ್ನೊಂದು ಸಾವಿರ ಅಡಿ. ಎರಡನೇ ದಿನ ಬೆಳಿಗ್ಗೆ ಎದ್ದಾಗ ತಲೆ ಒಳಗೆ ಯಾರೋ ಹಿಟ್ಟು ಕಲಸೋ ಯಂತ್ರ ಹಾಕಿದ ಹಾಗೆ. ಇವಳು ಕೇಳಿದ್ಲು, ಅಪ್ಪ ತಲೆನೋವಾ ಅಂತ. ಇಲ್ಲ ಅಂದೆ. ಅಕ್ಕಾ, ನಿಮ್ಮ ಕತೆ ಕೇಳಿಸ್ಕೊಂಡು ಹೋಗಿದ್ದ ನಾನೇ ಇಲ್ಲ ಅಂದೆ. ಇಷ್ಟು ದೂರ ಬಂದು, ಎಲ್ಲರೂ ಕೋಟು ಹಾಕ್ಕೊಂಡು ನಿಂತಿರುವಾಗ, ಹೌದು ಅನ್ನೋಕೆ ನಾಚಿಕೆ. ಇವಳು ಎರಡನೇ ಸಲ ಕೇಳಿದ್ಲು. ಆಗ ಹೌದು ಅಂದೆ. ಅಲ್ಲೇ ನಿಂತ್ವಿ. ಮಧ್ಯಾಹ್ನಕ್ಕೆ ವಾಂತಿನೂ ಶುರುವಾಯ್ತು. ಇಳಿದುಬಿಟ್ವಿ.”

“ಇಳಿದ್ಮೇಲೆ ಎಷ್ಟು ಹೊತ್ತಿಗೆ ಕಮ್ಮಿಯಾಯ್ತು?”

“ಸಂಜೆಗೆಲ್ಲ ಹಗುರ ಆಗ್ತಾ ಬಂತು. ಹಸಿವಾಗಿ ಊಟಾನೂ ಮಾಡ್ದೆ.”

“ಸಂಜೆಗೇನಾ?”

“ಹೂಂ ಅಕ್ಕಾ. ಸಂಜೆಗೇ.”

ಹೊಲಿಗೆಯಮ್ಮ ಹುಡುಗಿಯ ತಲೆ ಸವರಿದಳು. “ಜಾಣೆ” ಎಂದಳು. ಆಮೇಲೆ ಎದ್ದು ಅಂಗಡಿಯ ಹಿಂದಿನ ಅರ್ಧಕ್ಕೆ ಹೋಗಿ, ಅವರಿಗೆ ಬೆನ್ನು ಮಾಡಿ ನಿಂತಳು. ಇವನು ಉಳಿದನೆಂದು ಅವಳಿಗೆ ನಿಜವಾಗಿಯೂ ಸಂತೋಷವಾಗಿತ್ತು. ಆದರೆ ಗಂಡ ಉಳಿಯಲೂ ಅಷ್ಟೇ ಸಾಕಿತ್ತೆಂದು ಇದುವರೆಗೆ ಅವಳಿಗೆ ತಿಳಿದಿರಲಿಲ್ಲ. ಕೆಳಗಿನ ಹಳ್ಳಿ, ಒಂದು ಮಂಚ, ಒಂದು ಸಂಜೆ. ಎರಡು ವರ್ಷ ತಡೆದಿಟ್ಟಿದ್ದ ಅಳು ಆಗ ಬಂತು. ಬೇಕರಿಯವನು ಮಗಳನ್ನು ಹೊರಗೆ ಕಳಿಸಿ, ಅವಳ ಅಳು ನಿಲ್ಲುವವರೆಗೂ ಅಲ್ಲೇ ಕೂತಿದ್ದ.

ಓದುವ ಅಣ್ಣಂದಿರೇ, ಅಕ್ಕಂದಿರೇ, ನೀವೂ ಮೊದಲ ಬಾರಿ ದೊಡ್ಡ ಬೆಟ್ಟಕ್ಕೆ ಹೊರಡುವವರಿರಬಹುದು. ಖಂಡಿತ ಹೋಗಿ, ಕಣ್ತುಂಬ ನೋಡಿ. ಆದರೆ ನಿಧಾನವಾಗಿ ಹತ್ತಿ. ಕೈಯಲ್ಲಿ ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಹೃದಯ, ಶ್ವಾಸಕೋಶ, ಬಿಪಿಯ ತೊಂದರೆಯಿರುವವರು, ಬಸುರಿಯರು ಡಾಕ್ಟರನ್ನು ಕೇಳದೆ ಹೊರಡಬೇಡಿ. ಅಲ್ಲಿನ ಜನ ನಿಲ್ಲಿ ಎಂದರೆ ನಿಲ್ಲಿ, ಅವರಿಗೆ ಆ ಗಾಳಿ ಗೊತ್ತು. ನಿಮಗೆ ತಲೆನೋವು ಬಂದರೆ ಬಾಯಿಬಿಟ್ಟು ಹೇಳಿ. ಪಕ್ಕದವರು ಹಣೆ ಒತ್ತಿಕೊಳ್ಳುತ್ತಿದ್ದರೆ ಕೇಳಿ, ಮತ್ತೊಮ್ಮೆ ಕೇಳಿ. ಅವರು ಬೈದರೂ ಸರಿ, ಗಾಡಿಯವರು ಗೊಣಗಿದರೂ ಸರಿ, ಇಳಿಯೋಣ ಎನ್ನುವ ಮೊದಲಿಗರು ನೀವಾಗಿ. ಅರ್ಧಕ್ಕೆ ನಿಂತ ಪ್ರವಾಸವನ್ನು ಮುಂದಿನ ವರ್ಷ ಮತ್ತೆ ಮಾಡಬಹುದು. ನಿಮ್ಮ ಜೊತೆ ಹೋದವರು ನಿಮ್ಮ ಜೊತೆಯಲ್ಲೇ ಮನೆಗೆ ಬರಲಿ.